ಹಳೆಯ ಪೋಕೆಮಾನ್ ಡಬ್ಬಿ ಮತ್ತೆ ತೆರೆದಾಗ: ಮಗುವಿನ ಜೊತೆ ಆಟವನ್ನು ಹೊಸದಾಗಿ ಕಲಿಯುವುದು ಹೇಗೆ

"ಅಪ್ಪಾ, ಮೊದಲು ಆಡೋರು ಮೊದಲ ಸರದಿಯಲ್ಲಿ ಹೊಡೆಯೋ ಹಾಗಿಲ್ಲ," ಎಂದಳು ಮಗಳು. ಆಟ ಶುರುವಾಗಿ ಇನ್ನೂ ಎರಡು ನಿಮಿಷ ಆಗಿರಲಿಲ್ಲ.

ನಾನು ನಕ್ಕುಬಿಟ್ಟೆ. "ಹೊಡೀಬಹುದು ಪುಟ್ಟಾ. ನಾನು ನಿನ್ನಷ್ಟಿದ್ದಾಗಿಂದ ಇದನ್ನ ಆಡಿದ್ದೀನಿ." ಅವಳು ವಾದಕ್ಕೆ ಬರಲಿಲ್ಲ. ಡಬ್ಬಿಯಲ್ಲಿ ಬಂದಿದ್ದ ನಿಯಮದ ಹಾಳೆ ಬಿಡಿಸಿ ನನ್ನ ಕಡೆ ತಿರುಗಿಸಿದಳು. ಒಂದು ಸಾಲಿನ ಮೇಲೆ ಬೆರಳಿಟ್ಟು ಸುಮ್ನೆ ಕೂತಳು. ಓದಿದೆ. ಅವಳು ಹೇಳಿದ್ದೇ ಸರಿ.

ಆ ಸಂಜೆ ಇನ್ನೂ ನಾಲ್ಕು ಸಲ ಹೀಗೇ ಆಯ್ತು. ಆಗ ನನಗೆ ಹೊಳೆದದ್ದು ಇಷ್ಟು: ಏನೂ ಗೊತ್ತಿಲ್ಲದವರಿಗೆ ಈ ಪೋಕೆಮಾನ್ ಕಾರ್ಡ್ ಆಟ ಕಲಿಯುವುದು ಸುಲಭ. ಅರ್ಧ ಗೊತ್ತಿರುವವರಿಗೇ ಕಷ್ಟ. ಆಟದ ಆಕಾರ ಹಾಗೇ ಇದೆ, ಅದೇ 60 ಕಾರ್ಡ್, ಅದೇ 6 ಪ್ರೈಜ್ (ಎದುರಾಳಿಯ ಪೋಕೆಮಾನ್ ಬೀಳಿಸಿದಾಗ ತೆಗೆದುಕೊಳ್ಳುವ ಕಾರ್ಡ್, ಮೊದಲು ಮುಗಿಸಿದವರು ಗೆದ್ದಂತೆ), ಅದೇ ಬೆಂಚ್ (ಹಿಂದೆ ಕಾಯುವ ಪೋಕೆಮಾನ್‌ಗಳ ಸಾಲು). ಹಾಗಾಗಿ ಒಳಗಿನ ನಿಯಮವೂ ಹಾಗೇ ಇದೆ ಅಂದುಕೊಂಡುಬಿಡುತ್ತೇವೆ. ಚಿಕ್ಕಂದಿನಲ್ಲಿ ಆಡಿ ಬಿಟ್ಟು, ಈಗ ಮಗುವಿನ ನೆಪದಲ್ಲಿ ವಾಪಸ್ ಬರುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಒಂದೊಂದೇ ಹೆಜ್ಜೆ ಇಡೋಣ.

ಮೊದಲು ಹಳೆಯ ಡಬ್ಬಿಯನ್ನು ಬದಿಗಿಡಿ

ಅಟ್ಟದಿಂದ ಇಳಿಸಿದ ಡಬ್ಬಿಯನ್ನು ಹಾಗೇ ಮಗುವಿನ ಕೈಗೆ ಕೊಡುವ ಆಸೆ ಆಗುತ್ತದೆ. ಒಂದು ದಿನ ತಡೆಯಿರಿ.

ಈ ಆಟ ಜಪಾನಿನಲ್ಲಿ ಬಂದದ್ದು 1996ರಲ್ಲಿ, ಇಂಗ್ಲಿಷಿನಲ್ಲಿ 1999ರಲ್ಲಿ. ನಿಮ್ಮ ಡಬ್ಬಿಯಲ್ಲಿ ಆ ಮೊದಲ ವರ್ಷಗಳ ಕಾರ್ಡ್ ಇರಬಹುದು. ಮಗುವಿಗೆ ಕೊಡುವ ಮುಂಚೆ ಎರಡು ಗುರುತು ನೋಡಿ. ಪೋಕೆಮಾನ್ ಚಿತ್ರದ ಕೆಳಗೆ ಎಡಗಡೆ 'ಫಸ್ಟ್ ಎಡಿಷನ್' ಅನ್ನುವ ಸಣ್ಣ ಕಪ್ಪು ಮುದ್ರೆ ಇದೆಯಾ? ಚಿತ್ರದ ಚೌಕಟ್ಟಿನ ಬಲ ಅಂಚಿನಲ್ಲಿ ನೆರಳು ಇದೆಯಾ, ಇಲ್ಲವಾ? ಮುದ್ರೆ ಇದ್ದರೆ, ಅಥವಾ ಮೊದಲ ಸೆಟ್ಟಿನ ಕಾರ್ಡಿಗೆ ನೆರಳು ಇಲ್ಲದಿದ್ದರೆ, ಸಂಗ್ರಹಕಾರರು ಹುಡುಕುವ ಕಾರ್ಡ್ ಅದು. ಯಾವ ಸೆಟ್ ಅಂತ ಗೊತ್ತಾಗದಿದ್ದರೆ ಚಿತ್ರದ ಕೆಳಗೆ ಬಲಗಡೆ ನೋಡಿ. ಮೊದಲ ಸೆಟ್ಟಿಗೆ ಅಲ್ಲಿ ಚಿಹ್ನೆಯೇ ಇಲ್ಲ. ಕಾರ್ಡಿನ ಸಂಖ್ಯೆ 102ರ ಲೆಕ್ಕದಲ್ಲಿರುತ್ತದೆ. ಆ ಕಾಲದ ಎಲ್ಲ ಮಕ್ಕಳ ಕನಸಾಗಿದ್ದ ಚಾರಿಜಾರ್ಡ್ 4/102.

ನನ್ನ ಡಬ್ಬಿಯಲ್ಲಿ ಅಂಥದ್ದೇನೂ ಸಿಗಲಿಲ್ಲ. ಸಿಕ್ಕಿದ್ದು ರಬ್ಬರ್ ಬ್ಯಾಂಡ್. ಇಪ್ಪತ್ತು ವರ್ಷದಲ್ಲಿ ಅದು ಕರಗಿ ಮೇಲಿನ ಕಾರ್ಡಿಗೆ ಅಂಟಿಕೊಂಡಿತ್ತು. ಎಳೆದರೆ ಬಣ್ಣವೂ ಜೊತೆಗೇ ಬಂತು. ಕೆಳಗಿನ ನಾಲ್ಕೈದು ಕಾರ್ಡಿನ ಅಂಚಿನಲ್ಲಿ ಕಚ್ಚು ಬಿದ್ದಿತ್ತು. ದಯವಿಟ್ಟು ಕಾರ್ಡಿಗೆ ರಬ್ಬರ್ ಬ್ಯಾಂಡ್ ಹಾಕಬೇಡಿ. ಮಗುವಿಗೆ ಕೊಡಬೇಕಾದ ಮೊದಲ ಪಾಠವೂ ಅದೇ. ಆ ಹಾಳಾದ ಕಾರ್ಡನ್ನೇ ತೋರಿಸಿ, ಬೇರೆ ವಿವರಣೆ ಬೇಕಾಗುವುದಿಲ್ಲ.

ಈ ಕಾರ್ಡ್‌ಗಳಲ್ಲಿ ಆಡಲು ಬರುವುದು ಎಷ್ಟು? ಮನೆಯಲ್ಲಿ ಸುಮ್ನೆ ಆಡಲು ಎಲ್ಲವೂ ಬರುತ್ತವೆ. ಹಳೆಯದಕ್ಕೆ ಹಳೆಯದನ್ನು ಕಟ್ಟಿ ಆಡಿದರೆ ಮಜಾ ಕೂಡ ಇದೆ. ಆದರೆ ಹಳೆಯ ಡೆಕ್ಕನ್ನು, ಅಂದರೆ ಆಡಲು ಜೋಡಿಸಿಕೊಂಡ 60 ಕಾರ್ಡಿನ ಕಂತೆಯನ್ನು, ಹೊಸ ಡೆಕ್ಕಿನ ಎದುರು ಇಡಬೇಡಿ. ಆಗಿನ ಚಾರಿಜಾರ್ಡಿಗೆ ಎಚ್‌ಪಿ (ಎಷ್ಟು ಏಟಿಗೆ ಬೀಳುತ್ತದೆ ಅನ್ನುವ ಲೆಕ್ಕ) 120. 2023ರಲ್ಲಿ ಬಂದ ಚಾರಿಜಾರ್ಡ್ ಇಎಕ್ಸ್‌ಗೆ 330. ಎದುರಾಳಿ ಒಂದು ಪ್ರೈಜನ್ನೂ ತೆಗೆದಿರದಿದ್ದರೂ ಅದರ ಏಟು 180. ನನ್ನ ಬಾಲ್ಯದ ಹೀರೋ ಒಂದೇ ಏಟಿಗೆ ಹೋಯ್ತು. ಮಗಳಿಗೆ ಅಯ್ಯೋ ಅನ್ನಿಸಿತು, ಆದರೂ ನಗು ತಡೆಯಲಿಲ್ಲ.

ಒಂದು ಸಮಾಧಾನ ಇದೆ. 1999ರ ಆರು ಬೇಸಿಕ್ ಎನರ್ಜಿಗಳು (ಹೊಡೆಯಲು ಬೇಕಾದ ಶಕ್ತಿಯ ಕಾರ್ಡ್), ಅಂದರೆ ಹುಲ್ಲು, ಬೆಂಕಿ, ನೀರು, ಮಿಂಚು, ಸೈಕಿಕ್, ಫೈಟಿಂಗ್, ಇವತ್ತಿನ ಸ್ಪರ್ಧೆಯ ಡೆಕ್ಕಿನಲ್ಲೂ ನಡೆಯುತ್ತವೆ. ಮಗಳ ಡೆಕ್ಕಿನಲ್ಲಿ ಈಗ ನನ್ನ ಹಳೆಯ ಬೆಂಕಿ ಎನರ್ಜಿ ನಾಲ್ಕು ಇವೆ. ಅಂಚು ಸವೆದಿದೆ, ಆದರೆ ಸ್ಲೀವ್ (ಕಾರ್ಡಿಗೆ ಹಾಕುವ ಪ್ಲಾಸ್ಟಿಕ್ ಕವಚ) ಒಳಗೆ ಕಾಣುವುದಿಲ್ಲ.

ಏನು ಕೊಳ್ಳಬೇಕು, ಏನು ಬೇಡ

ಬೂಸ್ಟರ್ ಪ್ಯಾಕ್‌ನಿಂದ, ಅಂದರೆ ಒಳಗೆ ಯಾವ ಕಾರ್ಡ್ ಇದೆ ಅಂತ ಗೊತ್ತಿಲ್ಲದ ಪುಟ್ಟ ಪೊಟ್ಟಣದಿಂದ, ಶುರು ಮಾಡಬೇಡಿ. ಪ್ಯಾಕ್ ಹರಿಯುವಾಗ ಖುಷಿ ಆಗುವುದು ನಿಜ, ನನಗೂ ಆಗುತ್ತದೆ. ಆದರೆ ಹತ್ತು ಪ್ಯಾಕ್ ಹರಿದರೂ ಆಡಬಹುದಾದ ಒಂದು ಡೆಕ್ ಆಗುವುದಿಲ್ಲ. ಇವಾಲ್ವ್ ಆದ, ಅಂದರೆ ಬೆಳೆದ ರೂಪದ ಪೋಕೆಮಾನ್ ಬರುತ್ತದೆ, ಅದರ ಬೇಸಿಕ್, ಅಂದರೆ ಮೊದಲ ರೂಪ, ಬಂದಿರುವುದಿಲ್ಲ. ಒಳ್ಳೆಯ ಟ್ರೇನರ್ ಕಾರ್ಡ್ (ಪೋಕೆಮಾನೂ ಎನರ್ಜಿಯೂ ಅಲ್ಲದ ಸಹಾಯದ ಕಾರ್ಡ್) ಒಂದೇ ಬರುತ್ತದೆ, ಬೇಕಾಗಿರುವುದು ನಾಲ್ಕು.

ಕಲಿಯುವುದಕ್ಕೆಂದೇ ಮಾಡಿದ ಡಬ್ಬಿಗಳಿವೆ. 'ಬ್ಯಾಟಲ್ ಅಕಾಡೆಮಿ' ಅನ್ನುವುದರಲ್ಲಿ ಮೂರು ಸಿದ್ಧ ಡೆಕ್, ಒಂದು ಆಟದ ಬೋರ್ಡು, ಮೊದಲ ಆಟವನ್ನು ಕೈಹಿಡಿದು ಆಡಿಸುವ ಪುಸ್ತಿಕೆ ಇರುತ್ತವೆ. ಕಾರ್ಡ್ ಎಲ್ಲಿಡಬೇಕು ಅಂತ ಬೋರ್ಡಿನ ಮೇಲೆ ಅಚ್ಚಾಗಿರುವುದರಿಂದ ಮಗುವಿಗೆ ಗೊಂದಲ ಇಲ್ಲ. ಇನ್ನೂ ಚಿಕ್ಕ ಮಗುವಾದರೆ 'ಮೈ ಫಸ್ಟ್ ಬ್ಯಾಟಲ್' ಅನ್ನುವ ಪುಟ್ಟ ಡೆಕ್ಕುಗಳ ಡಬ್ಬಿ ಸಾಕು. ಮೂಲ ಕಲಿತ ಮೇಲೆ 'ಲೀಗ್ ಬ್ಯಾಟಲ್ ಡೆಕ್' ತೆಗೆದುಕೊಳ್ಳಿ. ಅದರಲ್ಲಿ 60 ಕಾರ್ಡ್ ಸಿದ್ಧವಾಗಿರುತ್ತವೆ, ಬಲವೂ ಇರುತ್ತದೆ.

ಸ್ಲೀವ್ ಬೇಕೇ ಬೇಕು. ಕಾರ್ಡಿನ ಅಳತೆ 63 ಮಿಮೀ ಅಗಲ, 88 ಮಿಮೀ ಉದ್ದ. ಇದೇ ಅಳತೆಗೆ 'ಸ್ಟ್ಯಾಂಡರ್ಡ್ ಸೈಜ್' ಸ್ಲೀವ್ ಸಿಗುತ್ತದೆ. ಅದಕ್ಕಿಂತ ಚಿಕ್ಕದು ತಂದರೆ ಕಾರ್ಡ್ ಒಳಗೆ ಹೋಗುವುದಿಲ್ಲ. ಡೆಕ್ಕಿನ 60ಕ್ಕೂ ಒಂದೇ ಬಣ್ಣ ಹಾಕಿ, ಇಬ್ಬರ ಡೆಕ್ಕಿಗೆ ಬೇರೆ ಬೇರೆ ಬಣ್ಣ. ಆಟ ಮುಗಿದ ಮೇಲೆ ಯಾರ ಕಾರ್ಡ್ ಯಾವುದು ಅಂತ ಜಗಳ ಇರುವುದಿಲ್ಲ.

ನಕಲಿ ಕಾರ್ಡ್ ಬಗ್ಗೆ ಎಚ್ಚರ. ಹಿಂಬದಿಯ ನೀಲಿ ಬಣ್ಣ ಪೇಲವ, ಅಕ್ಷರ ದಪ್ಪ, ಕಾರ್ಡ್ ತೆಳು ಮತ್ತು ಜಾರು, ಪೋಕೆಮಾನ್ ಹೆಸರಿನ ಇ ಅಕ್ಷರದ ಮೇಲಿನ ಗೀಟು ನಾಪತ್ತೆ. ಇಂಥ ಗುರುತುಗಳು ಒಂದಕ್ಕಿಂತ ಹೆಚ್ಚು ಸಿಕ್ಕರೆ ಅನುಮಾನ ಪಡಿ. ಅಸಲಿ ಕಾರ್ಡಿನ ಅಂಚನ್ನು ಕಣ್ಣಿನ ಹತ್ತಿರ ಹಿಡಿದರೆ ಎರಡು ಬಿಳಿ ಪದರಗಳ ನಡುವೆ ಕಪ್ಪು ಗೆರೆ ಕಾಣುತ್ತದೆ. ಮಗಳು ಈ ಪರೀಕ್ಷೆಯನ್ನು ಎಷ್ಟು ಇಷ್ಟಪಟ್ಟಳೆಂದರೆ ಒಂದು ವಾರ ಮನೆಯ ಎಲ್ಲ ಕಾರ್ಡಿನ ಅಂಚನ್ನೂ ಟಾರ್ಚ್ ಬಿಟ್ಟು ನೋಡಿದಳು.

ಮರೆಯಬೇಕಾದ ನಿಯಮಗಳು

ನೀವು ಜಾಸ್ತಿ ಹೊತ್ತು ಕೊಡಬೇಕಾದ ಹೆಜ್ಜೆ ಇದು. ಮಗುವಿನ ಜೊತೆ ಕೂರುವ ಮುಂಚೆ ಒಬ್ಬರೇ ಒಂದು ಸಲ ಓದಿಕೊಳ್ಳಿ. ಇಲ್ಲದಿದ್ದರೆ ನನ್ನ ಹಾಗೆ ಬೆರಳಿನ ತುದಿಯಿಂದ ಪಾಠ ಹೇಳಿಸಿಕೊಳ್ಳಬೇಕಾಗುತ್ತದೆ.

ಎಲ್ಲಕ್ಕಿಂತ ದೊಡ್ಡ ಬದಲಾವಣೆ ಟ್ರೇನರ್ ಕಾರ್ಡಿನದು. 1999ರಲ್ಲಿ ಟ್ರೇನರ್ ಅಂದರೆ ಟ್ರೇನರ್. ಒಂದೇ ಸರದಿಯಲ್ಲಿ ಎಷ್ಟು ಬೇಕಾದರೂ ಹಾಕಬಹುದಿತ್ತು. 'ಬಿಲ್' ಹಾಕಿ ಎರಡು ಕಾರ್ಡ್ ಎಳೆ. ಇನ್ನೊಂದು 'ಬಿಲ್', ಇನ್ನೆರಡು ಎಳೆ. ಆಮೇಲೆ 'ಪ್ರೊಫೆಸರ್ ಓಕ್' ಹಾಕಿ ಕೈಯಲ್ಲಿದ್ದದ್ದನ್ನೆಲ್ಲ ಬಿಟ್ಟು ಹೊಸದಾಗಿ ಏಳು ಎಳೆ. ಆ ಕಾಲ ಹೋಯ್ತು. ಈಗ ಟ್ರೇನರ್ ಒಳಗೆ ನಾಲ್ಕು ಜಾತಿ. ಐಟಂ ಎಷ್ಟು ಬೇಕಾದರೂ ಹಾಕಬಹುದು. ಸಪೋರ್ಟರ್ ಒಂದು ಸರದಿಗೆ ಒಂದೇ. ಸ್ಟೇಡಿಯಂ ಕೂಡ ಸರದಿಗೆ ಒಂದೇ. ಟೂಲ್ ಪೋಕೆಮಾನಿಗೆ ಅಂಟಿಸುವಂಥದ್ದು, ಒಂದು ಪೋಕೆಮಾನಿಗೆ ಒಂದು. ಜಾಸ್ತಿ ಕಾರ್ಡ್ ಎಳೆಸುವ ಬಲವಾದ ಕಾರ್ಡೆಲ್ಲ ಹೆಚ್ಚಾಗಿ ಸಪೋರ್ಟರ್ ಆಗಿವೆ. ಹಾಗಾಗಿ 'ಈ ಸರದಿಯ ಆ ಒಂದು ಸಪೋರ್ಟರ್ ಯಾವುದು' ಅನ್ನುವುದೇ ಈಗ ಆಟದ ಮುಖ್ಯ ಯೋಚನೆ. ನಿಮ್ಮ ಹಳೆಯ ಕೈಚಳಕಕ್ಕೆ ಇಲ್ಲಿ ಬೀಗ ಬಿದ್ದಿದೆ.

ಮೊದಲು ಆಡುವವರಿಗೆ ಎರಡು ಕಟ್ಟು. ಮೊದಲ ಸರದಿಯಲ್ಲಿ ಹೊಡೆಯುವಂತಿಲ್ಲ, ಸಪೋರ್ಟರ್ ಹಾಕುವಂತಿಲ್ಲ. ಕಾರ್ಡ್ ಎಳೆಯಬಹುದು, ಬೆಂಚ್ ತುಂಬಬಹುದು, ಎನರ್ಜಿ ಹಚ್ಚಬಹುದು. ಎರಡನೆಯವರಿಗೆ ಈ ಎರಡು ಕಟ್ಟೂ ಇಲ್ಲ. ಆದರೆ ಇಬ್ಬರಿಗೂ ತಮ್ಮ ತಮ್ಮ ಮೊದಲ ಸರದಿಯಲ್ಲಿ ಇವಾಲ್ವ್ ಮಾಡುವ ಅವಕಾಶ ಇಲ್ಲ. ಆಮೇಲೂ ಅಷ್ಟೇ, ಈಗಷ್ಟೇ ಕೆಳಗಿಟ್ಟ ಪೋಕೆಮಾನನ್ನು ಅದೇ ಸರದಿಯಲ್ಲಿ ಇವಾಲ್ವ್ ಮಾಡುವ ಹಾಗಿಲ್ಲ.

ಪ್ರೈಜ್ ಲೆಕ್ಕ ಬದಲಾಗಿದೆ. ಮೊದಲು ಒಂದು ನಾಕ್‌ಔಟ್‌ಗೆ ಒಂದು ಪ್ರೈಜ್. ಈಗ ಬಿದ್ದ ಪೋಕೆಮಾನಿನ ಹೆಸರಿನ ಕೊನೆಗೆ ಇಎಕ್ಸ್ ಇದ್ದರೆ ಎದುರಾಳಿಗೆ ಎರಡು ಪ್ರೈಜ್. 2025ರಿಂದ ಬರುತ್ತಿರುವ ಮೆಗಾ ಇಎಕ್ಸ್ ಬಿದ್ದರೆ ಮೂರು. ಅಂದರೆ ಎರಡು ಮೆಗಾ ಇಎಕ್ಸ್ ಕಳೆದುಕೊಂಡರೆ ಆಟವೇ ಮುಗಿಯಿತು. ಮಕ್ಕಳು ದೊಡ್ಡ ಹೊಳೆಯುವ ಕಾರ್ಡನ್ನು ಮೊದಲು ಮುಂದೆ ತಳ್ಳುತ್ತಾರೆ, ಅಲ್ವಾ? ಈ ನಿಯಮವನ್ನು ಬಾಯಲ್ಲಿ ಹೇಳುವ ಬದಲು ಒಂದು ಸಲ ಸೋಲಲು ಬಿಡಿ. ಎರಡನೇ ಸಲ ಅವರೇ ಪುಟ್ಟ ಪೋಕೆಮಾನನ್ನು ಮುಂದೆ ಇಟ್ಟು ದೊಡ್ಡದನ್ನು ಬೆಂಚಲ್ಲಿ ಬೆಳೆಸುತ್ತಾರೆ.

ಬೆಂಕಿ, ನೀರು ಅನ್ನುವಂಥ ಪೋಕೆಮಾನ್ ಜಾತಿಗಳೂ ಬದಲಾಗಿವೆ. ನೀವು 1999ರಲ್ಲಿ ಬಿಟ್ಟಿದ್ದರೆ ಡಾರ್ಕ್ ಮತ್ತು ಮೆಟಲ್ ನೋಡಿರುವುದಿಲ್ಲ, ಅವು 2000ದಲ್ಲಿ ಬಂದವು. ಡ್ರಾಗನ್ 2012ರಲ್ಲಿ ಬಂತು. ಫೇರಿ 2013ರಲ್ಲಿ ಬಂದು 2020ರಲ್ಲಿ ಹೋಗಿಯೂ ಬಿಟ್ಟಿತು. ಪೋಕೆಮಾನ್ ಹೊಡೆಯದೆಯೇ ಬಳಸುವ ವಿಶೇಷ ಶಕ್ತಿಗೆ ಆಗ 'ಪೋಕೆಮಾನ್ ಪವರ್' ಅನ್ನುತ್ತಿದ್ದರು, ಈಗ ಎಬಿಲಿಟಿ ಅನ್ನುತ್ತಾರೆ. ಎಬಿಲಿಟಿ ಬಳಸಿದರೆ ಸರದಿ ಮುಗಿಯುವುದಿಲ್ಲ, ಹೊಡೆದರೆ ಮುಗಿಯುತ್ತದೆ. ಹಿಂದೆ ಸರಿಯುವುದು, ಅಂದರೆ ರಿಟ್ರೀಟ್, ಸರದಿಗೆ ಒಂದೇ ಸಲ.

ವೀಕ್ನೆಸ್, ಅಂದರೆ ತನಗೆ ಆಗದ ಜಾತಿಯಿಂದ ತಿನ್ನುವ ಏಟು, ನಿಮಗೆ ಗೊತ್ತಿರುವ ಹಾಗೇ ಎರಡರಷ್ಟು. ನಡುವೆ ಕೆಲವು ವರ್ಷ ಇಪ್ಪತ್ತು, ಮೂವತ್ತು ಅಂತ ಕೂಡಿಸುವ ಪದ್ಧತಿ ಬಂದು ಹೋಯ್ತು. ನೀವು ಅದನ್ನು ನೋಡಿಲ್ಲದಿದ್ದರೆ ನಷ್ಟವೇನಿಲ್ಲ.

ನಿದ್ದೆ, ಪಾರ್ಶ್ವ, ಗೊಂದಲ, ವಿಷ, ಸುಡು ಅಂತ ನಾವು ಮನೆಯಲ್ಲಿ ಕರೆಯುವ, ಏಟಿನಿಂದ ಪೋಕೆಮಾನಿಗೆ ಬರಬಹುದಾದ ಐದು ಸ್ಥಿತಿಗಳು ಈಗ ಇವೆ. ಕಾರ್ಡ್ ತಿರುಗಿಸುವ ರೀತಿ ಮಕ್ಕಳಿಗೆ ತುಂಬಾ ಇಷ್ಟ. ನಿದ್ದೆ ಬಂದರೆ ಕಾರ್ಡ್ ಎಡಕ್ಕೆ ಮಲಗುತ್ತದೆ. ಪಾರ್ಶ್ವ ಹೊಡೆದರೆ ಬಲಕ್ಕೆ ಮಲಗುತ್ತದೆ. ಗೊಂದಲ ಆದರೆ ತಲೆಕೆಳಗು. ಒಂದು ಕಾರ್ಡ್ ಏಕಕಾಲಕ್ಕೆ ಎರಡು ದಿಕ್ಕಿಗೆ ಮಲಗಲಾರದು. ಅದಕ್ಕೇ ಈ ಮೂರರಲ್ಲಿ ಹೊಸದು ಬಂದರೆ ಹಳೆಯದು ಹೋಗುತ್ತದೆ. ವಿಷ ಮತ್ತು ಸುಡುವಿಕೆಗೆ ಬೇರೆ ಬಿಲ್ಲೆ ಇಡುತ್ತಾರೆ, ಅವು ಉಳಿದವುಗಳ ಜೊತೆಗೂ ಇರಬಹುದು. ಪ್ರತಿ ಸರದಿಯ ಕೊನೆಗೆ ವಿಷಕ್ಕೆ 10, ಸುಟ್ಟಿದ್ದಕ್ಕೆ 20 ಏಟು. ಗೊಂದಲವಾದವನು ಹೊಡೆಯಲು ಹೋಗಿ ನಾಣ್ಯ ಟೇಲ್ ಬಿದ್ದರೆ ತನಗೇ 30.

ಮೊದಲ ಆಟ: ಕಾರ್ಡ್ ಎಲ್ಲ ಬಿಚ್ಚಿಟ್ಟು

ಮೊದಲ ಎರಡು ಮೂರು ಆಟ ಇಬ್ಬರ ಕೈಯ ಕಾರ್ಡ್‌ಗಳನ್ನೂ ಮೇಜಿನ ಮೇಲೆ ಮುಖ ಕಾಣುವ ಹಾಗೆ ಹರಡಿ ಆಡಿ. ಗೆಲ್ಲುವುದು ಬಿಡಿ, ಸರದಿ ಹೇಗೆ ಸಾಗುತ್ತದೆ ಅನ್ನುವುದು ಕೂತುಕೊಳ್ಳಲಿ. ಚಿಕ್ಕ ಮಗುವಾದರೆ ಪ್ರೈಜ್ 6ರ ಬದಲು 3 ಇಡಿ. ಆಟ ಬೇಗ ಮುಗಿದರೆ 'ಇನ್ನೊಂದು' ಅನ್ನುವ ಮನಸ್ಸು ಉಳಿಯುತ್ತದೆ.

ಶುರು ಮಾಡುವ ಕ್ರಮ ಹೀಗೆ. ಡೆಕ್ ಕಲಸಿ ಏಳು ಕಾರ್ಡ್ ಎಳೆಯಿರಿ. ಅದರಲ್ಲಿ ಒಂದಾದರೂ ಬೇಸಿಕ್ ಪೋಕೆಮಾನ್ ಇರಬೇಕು. ಇಲ್ಲದಿದ್ದರೆ ಕೈ ತೋರಿಸಿ, ಮತ್ತೆ ಕಲಸಿ, ಮತ್ತೆ ಏಳು ಎಳೆಯಬೇಕು. ಅದಕ್ಕೆ ಎದುರಾಳಿ ಬೇಕಿದ್ದರೆ ಒಂದು ಕಾರ್ಡ್ ಜಾಸ್ತಿ ಎಳೆದುಕೊಳ್ಳಬಹುದು. ಒಂದು ಬೇಸಿಕ್ ಮುಂದೆ, ಉಳಿದ ಬೇಸಿಕ್‌ಗಳು ಬೆಂಚಿಗೆ, ಎಲ್ಲ ಕವುಚಿ. ಬೆಂಚಿನಲ್ಲಿ ಐದಕ್ಕಿಂತ ಹೆಚ್ಚು ಇಡುವ ಹಾಗಿಲ್ಲ. ಆಮೇಲೆ ಪ್ರೈಜ್ ಎಣಿಸಿಡಿ. ಇಬ್ಬರೂ ಒಟ್ಟಿಗೆ ಪೋಕೆಮಾನ್‌ಗಳನ್ನು ಮೇಲ್ಮುಖ ಮಾಡಿ.

ಮಕ್ಕಳ ಪುಟ್ಟ ಕೈಗೆ 60 ಕಾರ್ಡ್ ಕಲಸುವುದೇ ದೊಡ್ಡ ಕೆಲಸ. ಇಸ್ಪೀಟಿನ ಹಾಗೆ ಬಗ್ಗಿಸಿ ಚರ್ರನೆ ಬಿಡುವುದನ್ನು ಕಲಿಸಬೇಡಿ, ಕಾರ್ಡ್ ಮಡಚಿಕೊಳ್ಳುತ್ತವೆ. ಡೆಕ್ಕನ್ನು ಎರಡು ಭಾಗ ಮಾಡಿ, ಒಂದರ ಅಂಚನ್ನು ಇನ್ನೊಂದರ ಅಂಚಿಗೆ ತಾಗಿಸಿ ಮೆಲ್ಲಗೆ ಒಳಗೆ ತಳ್ಳಿ. ಸ್ಲೀವ್ ಇದ್ದರೆ ಬೆಣ್ಣೆಯ ಹಾಗೆ ಒಂದರೊಳಗೊಂದು ಸೇರುತ್ತವೆ. ಏಳೆಂಟು ಸಲ ಮಾಡಿದರೆ ಸಾಕು. ಅದೂ ಆಗದಿದ್ದರೆ ಮೇಜಿನ ಮೇಲೆ ಹರಡಿ ಎರಡೂ ಕೈಯಲ್ಲಿ ಕಲಸಲಿ. ಕೆಲವು ಕಾರ್ಡ್ ಕೆಳಗೆ ಬೀಳುತ್ತವೆ, ಬೀಳಲಿ.

ನಮ್ಮ ಮನೆಯಲ್ಲಿ ತುಂಬಾ ಉಪಯೋಗಕ್ಕೆ ಬಂದದ್ದು ಮೂರು ಕಾಗದದ ಚೀಟಿ. ಒಂದರ ಮೇಲೆ 'ಎನರ್ಜಿ', ಇನ್ನೊಂದರ ಮೇಲೆ 'ಸಪೋರ್ಟರ್', ಮತ್ತೊಂದರ ಮೇಲೆ 'ರಿಟ್ರೀಟ್'. ಸರದಿಗೆ ಒಂದೇ ಸಲ ಮಾಡಬಹುದಾದ, ನಾವು ಹೆಚ್ಚು ಮರೆಯುತ್ತಿದ್ದ ಕೆಲಸಗಳು ಇವೇ ಮೂರು. ಕೆಲಸ ಆದ ತಕ್ಷಣ ಚೀಟಿ ಕವುಚಿ ಹಾಕಬೇಕು. ಸರದಿ ಮುಗಿದಾಗ ಮೂರನ್ನೂ ಮತ್ತೆ ಮೇಲ್ಮುಖ. ಇದನ್ನು ಮಾಡಿದ್ದು ಮಗಳು, ಅವಳಿಗಾಗಿ ಅಲ್ಲ, ನನಗಾಗಿ. 'ನೀನು ಎನರ್ಜಿ ಎರಡು ಸಲ ಹಚ್ಚುತ್ತೀಯ' ಅನ್ನುವುದು ಅವಳ ದೂರು.

ಒಂದು ಸರದಿಯನ್ನು ಹತ್ತಿರದಿಂದ ನೋಡೋಣ. ಮಗಳು ಒಂದು ಕಾರ್ಡ್ ಎಳೆದಳು. ಬೇಸಿಕ್ ಬಂತು, ಬೆಂಚಿಗೆ ಇಟ್ಟಳು. ಮುಂದಿದ್ದ ಬೆಂಕಿ ಪೋಕೆಮಾನಿಗೆ ಎನರ್ಜಿ ಹಚ್ಚಿದಳು, ಒಂದು ಚೀಟಿ ಕವುಚಿದಳು. ಐಟಂ ಹಾಕಿ ಡೆಕ್ಕಿನಿಂದ ಇನ್ನೊಂದು ಪೋಕೆಮಾನ್ ಹುಡುಕಿದಳು, ತೋರಿಸಿದಳು, ಕಲಸಿದಳು. ಸಪೋರ್ಟರ್ ಕೈಯಲ್ಲಿ ಹಿಡಿದು ಯೋಚಿಸಿ ವಾಪಸ್ ಇಟ್ಟಳು. ಆಮೇಲೆ "60 ಏಟು" ಅಂದಳು. ನನ್ನದು ಹುಲ್ಲಿನ ಜಾತಿ, ಬೆಂಕಿಗೆ ವೀಕ್. "60ರ ಎರಡರಷ್ಟು?" ಕೇಳಿದೆ. ಬೆರಳು ಮಡಚಿದಳು. "120." ನನ್ನ ಎಚ್‌ಪಿ 110. ಕೈ ಆಗಲೇ ಪ್ರೈಜ್ ಕಡೆ ಹೋಗಿತ್ತು.

ಈ ಲೆಕ್ಕವನ್ನು ನೀವು ಮಾಡಿಕೊಡಬೇಡಿ. ಎಲ್ಲವೂ ಹತ್ತರ ಲೆಕ್ಕವಾದ್ದರಿಂದ ಮಕ್ಕಳಿಗೆ ಬೇಗ ಹಿಡಿತ ಸಿಗುತ್ತದೆ. ಏಟಿಗೆ ಬಿಲ್ಲೆಗಳ ಬದಲು ದಾಳ ಬಳಸುವವರೂ ಇದ್ದಾರೆ. ಆದರೆ ಎಣಿಸಲು ಕಲಿಯುವ ವಯಸ್ಸಿಗೆ ಹತ್ತು ಹತ್ತರ ಬಿಲ್ಲೆಯೇ ಒಳ್ಳೆಯದು.

ಕಾರ್ಡಿನ ಭಾಷೆ ಮಗುವಿಗೆ ಇನ್ನೂ ಓದಲು ಬರದಿದ್ದರೆ ಜೋರಾಗಿ ಓದಿ, ನಿಮ್ಮ ಮಾತಿನಲ್ಲಿ ಹೇಳಿ. ಮೂರನೇ ಸಲಕ್ಕೆ ಚಿತ್ರ ನೋಡಿಯೇ ಕಾರ್ಡ್ ಏನು ಮಾಡುತ್ತದೆ ಅಂತ ಹೇಳುತ್ತಾರೆ. ಆದರೂ ಓದುವುದನ್ನು ಬಿಡಬೇಡಿ. ಬಾಯಿಪಾಠ ಆದದ್ದರಲ್ಲಿ 'ಬೇಕಿದ್ದರೆ ಮಾಡಬಹುದು' ಮತ್ತು 'ಮಾಡಲೇಬೇಕು' ನಡುವಿನ ವ್ಯತ್ಯಾಸ ಕಳೆದುಹೋಗುತ್ತದೆ. ನನ್ನದೂ ಹಾಗೇ ಕಳೆದುಹೋಗಿತ್ತು.

ಸೋಲು, ಗೆಲುವು, ಮತ್ತೆ ನಿಮ್ಮ ನಟನೆ

ಬೇಕಂತಲೇ ಸೋಲಬೇಡಿ. ಮಕ್ಕಳಿಗೆ ಗೊತ್ತಾಗುತ್ತದೆ. ಹಾಗಂತ ಹತ್ತಕ್ಕೆ ಹತ್ತೂ ಗೆದ್ದರೆ ಹನ್ನೊಂದನೇ ಆಟ ಇರುವುದಿಲ್ಲ. ನಾನು ಕಂಡುಕೊಂಡ ದಾರಿ, ಆಟವನ್ನು ನಿಜವಾಗಿಯೇ ಕಷ್ಟ ಮಾಡಿಕೊಳ್ಳುವುದು. ಬಲವಾದ ಡೆಕ್ ಮಗುವಿಗೆ, ಸಪ್ಪೆ ಡೆಕ್ ನಿಮಗೆ. ಅಥವಾ ನಿಮ್ಮ ಪ್ರೈಜ್ ಆರು, ಅವರದು ನಾಲ್ಕು. ಇದನ್ನು ಮುಚ್ಚಿಡದೆ ಮೊದಲೇ ಹೇಳಿ. ಮಗು ಸತತ ಮೂರು ಗೆದ್ದರೆ ಒಂದು ಪ್ರೈಜ್ ಸೇರಿಸಿ. ಪೂರ್ತಿ ಸಮ ಆದ ದಿನ ಅದೇ ಒಂದು ಹಬ್ಬ.

ತಪ್ಪು ಆಟ ಆಡಿದಾಗ ಆ ಕ್ಷಣಕ್ಕೇ ತಿದ್ದಬೇಡಿ. ನಿಯಮ ತಪ್ಪಿದರೆ ಹೇಳಲೇಬೇಕು. ಆದರೆ ನಿಯಮದೊಳಗೇ ಕೆಟ್ಟ ಆಯ್ಕೆ ಮಾಡಿದರೆ ಸುಮ್ಮನಿರಿ. ಇದು ನನಗೆ ಈಗಲೂ ಕಷ್ಟ. ಬಾಯಿ ತೆರೆದು ಮುಚ್ಚುತ್ತೇನೆ, ಅದು ಅವಳಿಗೆ ಕಾಣುತ್ತದೆ, ಕಾರ್ಡ್ ವಾಪಸ್ ತೆಗೆದುಕೊಳ್ಳುತ್ತಾಳೆ. ಹಾಗಾಗಿ ಅವಳ ಸರದಿಯಲ್ಲಿ ನಾನು ಈಗ ನನ್ನ ಕಾರ್ಡನ್ನೇ ನೋಡುತ್ತಾ ಕೂರುತ್ತೇನೆ.

ನಿಯಮದ ಜಗಳ ಬಂದರೆ ತೀರ್ಪು ಕೊಡುವ ಕೆಲಸ ಮಗುವಿಗೇ ಬಿಡಿ. ಹಾಳೆ ತೆಗೆದು ಹುಡುಕಿ ಓದಲಿ. ನಿಮ್ಮ ನೆನಪಿಗಿಂತ ಅದೇ ಸರಿ ಇರುತ್ತದೆ.

ಡೆಕ್ ಬಿಚ್ಚುವ ಸಮಯ

ಹತ್ತಿಪ್ಪತ್ತು ಆಟ ಆಗುವವರೆಗೆ ಸಿದ್ಧ ಡೆಕ್ಕನ್ನು ಮುಟ್ಟಬೇಡಿ. ಆಮೇಲೆ ಒಂದು ಸಲಕ್ಕೆ ಎರಡೇ ಕಾರ್ಡ್ ಬದಲಾಯಿಸಿ, ಮೂರು ಆಟ ಆಡಿ ನೋಡಿ. ಹತ್ತು ಕಾರ್ಡ್ ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಸುಧಾರಿಸಿತು, ಯಾವುದರಿಂದ ಕೆಟ್ಟಿತು ಅಂತ ತಿಳಿಯುವುದಿಲ್ಲ.

ಡೆಕ್ಕಿನಲ್ಲಿ ಸರಿಯಾಗಿ 60 ಕಾರ್ಡ್ ಇರಬೇಕು. ಒಂದೇ ಹೆಸರಿನ ಕಾರ್ಡ್ ನಾಲ್ಕಕ್ಕಿಂತ ಹೆಚ್ಚು ಇರಬಾರದು, ಬೇಸಿಕ್ ಎನರ್ಜಿಗೆ ಮಾತ್ರ ಈ ಮಿತಿ ಇಲ್ಲ. 'ಏಸ್ ಸ್ಪೆಕ್' ಅಂತ ಬರೆದಿರುವ ಕಾರ್ಡ್ ಇಡೀ ಡೆಕ್ಕಿಗೆ ಒಂದೇ.

ಹಳೆಯ ಅಭ್ಯಾಸದವರು ಇಲ್ಲಿ ಮಾಡುವ ತಪ್ಪು ಎನರ್ಜಿ ಸುರಿಯುವುದು. ನಾನು 24 ಹಾಕಿದ್ದೆ. ಕೈತುಂಬ ಎನರ್ಜಿ, ಹಚ್ಚಲು ಸರದಿಗೆ ಒಂದೇ. ಈಗಿನ ಎಷ್ಟೋ ಡೆಕ್ಕುಗಳಲ್ಲಿ ಎನರ್ಜಿ ಅದರ ಅರ್ಧದಷ್ಟೂ ಇರುವುದಿಲ್ಲ, ಅರ್ಧ ಡೆಕ್ಕಿಗೂ ಹೆಚ್ಚು ಟ್ರೇನರ್‌ಗಳೇ. ಬೇಕಾದ ಕಾರ್ಡನ್ನು ಹುಡುಕಿ ತರುವ ಕಾರ್ಡ್ ಜಾಸ್ತಿ ಇದ್ದರೆ ಬೇಕಾದ ಕಾರ್ಡ್ ಕಡಿಮೆ ಇದ್ದರೂ ನಡೆಯುತ್ತದೆ.

ಸ್ವಲ್ಪ ಲೆಕ್ಕ ಇಷ್ಟಪಡುವ ಮಗುವಾದರೆ ಇದನ್ನು ತೋರಿಸಿ. 60ರ ಡೆಕ್ಕಿನಲ್ಲಿ ಒಂದು ಕಾರ್ಡ್ ನಾಲ್ಕು ಪ್ರತಿ ಇದ್ದರೆ, ಮೊದಲ ಏಳರಲ್ಲಿ ಒಂದಾದರೂ ಬರುವ ಸಾಧ್ಯತೆ ಸುಮಾರು ಶೇ 40. ಬೇಸಿಕ್ ಪೋಕೆಮಾನ್ ಎಂಟೇ ಇದ್ದರೆ ಮೊದಲ ಕೈಯಲ್ಲಿ ಒಂದೂ ಬಾರದಿರುವ ಸಾಧ್ಯತೆ ಸುಮಾರು ಶೇ 35. ಹನ್ನೆರಡು ಮಾಡಿದರೆ ಅದು ಶೇ 19ಕ್ಕೆ ಇಳಿಯುತ್ತದೆ. ಒಂದೇ ಪ್ರತಿ ಇರುವ ಕಾರ್ಡ್ ಪ್ರೈಜ್‌ನಲ್ಲಿ ಸಿಕ್ಕಿಹಾಕಿಕೊಳ್ಳುವ ಸಾಧ್ಯತೆ ಹತ್ತರಲ್ಲಿ ಒಂದು. ನಂಬಿಕೆ ಬಾರದಿದ್ದರೆ ಒಂದು ಮಧ್ಯಾಹ್ನ ಕೂತು ಐವತ್ತು ಸಲ ಏಳು ಏಳು ಎಳೆದು ಗೀಟು ಹಾಕಿ. ನಾವು ಮೂವತ್ತಕ್ಕೆ ನಿಲ್ಲಿಸಿದೆವು, ಆದರೆ ಆಮೇಲೆ ಮಗಳು ತಾನಾಗಿಯೇ ಬೇಸಿಕ್ ಸೇರಿಸಿದಳು.

ಅದಲು ಬದಲು

ಮಕ್ಕಳ ನಡುವೆ ಕಾರ್ಡ್ ಬದಲಾಯಿಸುವುದು ಆಟದಷ್ಟೇ ದೊಡ್ಡದು. ಅಲ್ಲೇ ಅಳುವೂ ಜಾಸ್ತಿ. ನನ್ನವಳು ಒಂದು ದಿನ ತನ್ನ ಇಎಕ್ಸ್ ಕೊಟ್ಟು ಹೊಳೆಯುವ ಸಾದಾ ಕಾರ್ಡ್ ಒಂದನ್ನು ತಂದಳು. ಅವಳಿಗೆ ಸಂತೋಷ. ನನಗೆ ಎದೆ ಧಸಕ್ ಅಂದಿತು. ಏನೂ ಹೇಳಲಿಲ್ಲ. ಮೂರು ದಿನದ ನಂತರ ಆ ಇಎಕ್ಸ್ ಬೇಕಾದಾಗ ಅವಳಿಗೇ ಗೊತ್ತಾಯ್ತು.

ಆಮೇಲೆ ಎರಡು ನಿಯಮ ಮಾಡಿಕೊಂಡೆವು. ಬೈಂಡರಿನಲ್ಲಿ 'ಕೊಡುವಂಥವು' ಅಂತ ಬೇರೆ ಪುಟ, ಹೊರಗೆ ಹೋಗುವುದು ಅದೊಂದೇ. ಮತ್ತೆ, ಬದಲಾಯಿಸುವ ಮುಂಚೆ ಒಂದು ರಾತ್ರಿ ಕಾಯಬೇಕು. ಬೆಳಿಗ್ಗೆಯೂ ಬೇಕು ಅನ್ನಿಸಿದರೆ ಸರಿ.

ಬೈಂಡರ್ ಕೊಳ್ಳುವಾಗ ಪಕ್ಕದಿಂದ ಕಾರ್ಡ್ ತೂರಿಸುವ ಪಾಕೆಟ್ ಇರುವಂಥದ್ದು ನೋಡಿ. ಮೇಲಿನಿಂದ ತೂರಿಸುವುದಾದರೆ ಬೈಂಡರ್ ತಲೆಕೆಳಗಾದಾಗ ಕಾರ್ಡ್ ಜಾರಿಹೋಗುತ್ತದೆ. ಪಿವಿಸಿ ಪುಟ ಬೇಡ, ವರ್ಷಗಳಲ್ಲಿ ಅದು ಕಾರ್ಡಿಗೆ ಅಂಟಿ ಕೆಡಿಸುತ್ತದೆ. ಪಾಲಿಪ್ರೊಪಿಲೀನ್ ಅಂತ ಬರೆದಿರಲಿ. ತೇವ ಇರುವ ಜಾಗದಲ್ಲಿ ಇಟ್ಟರೆ ಹೊಳೆಯುವ ಕಾರ್ಡ್ ಬಿಲ್ಲಿನ ಹಾಗೆ ಬಾಗುತ್ತವೆ.

ಫೋನಿನಲ್ಲಿ ಆಡಬಹುದಾ?

ಆಡಬಹುದು, ಆದರೆ ಎರಡು ಆ್ಯಪ್ ಇವೆ, ಎರಡೂ ಬೇರೆ. 2024ರ ಅಕ್ಟೋಬರಿನಲ್ಲಿ ಬಂದ 'ಪಾಕೆಟ್' ಬೇರೆಯೇ ಪುಟ್ಟ ಆಟ. ಡೆಕ್ 20 ಕಾರ್ಡಿನದು, ಬೆಂಚು ಮೂರರದು, ಪ್ರೈಜ್ ಬದಲು ಮೂರು ಪಾಯಿಂಟ್, ಎನರ್ಜಿ ತಾನಾಗಿಯೇ ಬರುತ್ತದೆ. ಬೇಗ ಮುಗಿಯುತ್ತದೆ, ಮಜಾ ಇದೆ. ಆದರೆ ಅದನ್ನು ಆಡಿ ಬಂದ ಮಗು ಮೇಜಿನ ಮೇಲೆ ಎನರ್ಜಿ ಎಲ್ಲಿ ಅಂತ ಕೇಳುತ್ತದೆ. 2023ರಲ್ಲಿ ಬಂದ 'ಲೈವ್' ಮಾತ್ರ ಮೇಜಿನ ಆಟವೇ. ಪ್ಯಾಕ್‌ಗಳಲ್ಲಿ ಬರುವ ಕೋಡ್ ಕಾರ್ಡ್ ಹಾಕುವುದು ಅದಕ್ಕೇ. ಲೈವ್‌ನಲ್ಲಿ ನಿಯಮ ತಪ್ಪಲು ಆಗುವುದೇ ಇಲ್ಲ. ಮಗು ಮಲಗಿದ ಮೇಲೆ ನೀವೊಬ್ಬರೇ ಹಳೆಯ ಅಭ್ಯಾಸ ಬಿಡಿಸಿಕೊಳ್ಳಲು ಅದು ಒಳ್ಳೆಯ ಮೇಷ್ಟ್ರು.

ನೀವು ಬಿಟ್ಟದ್ದು ಬೇರೆ ಕಾರ್ಡ್ ಆಟವಾದರೂ ದಾರಿ ಇದೇ, ಮರೆಯಬೇಕಾದದ್ದು ಮಾತ್ರ ಬೇರೆ. ಯು-ಗಿ-ಓದಲ್ಲಿ 2014ರಿಂದ ಮೊದಲು ಆಡುವವರು ಮೊದಲ ಸರದಿಯಲ್ಲಿ ಕಾರ್ಡ್ ಎಳೆಯುವ ಹಾಗಿಲ್ಲ. ಮ್ಯಾಜಿಕ್‌ನಲ್ಲಿ ಖರ್ಚಾಗದೆ ಉಳಿದ ಮಾನಾದಿಂದ (ಕಾರ್ಡ್ ಹಾಕಲು ಬೇಕಾದ ಶಕ್ತಿ) ಏಟು ತಿನ್ನುವ ನಿಯಮವನ್ನು 2009ರಲ್ಲೇ ತೆಗೆದುಹಾಕಿದ್ದಾರೆ.

ಮನೆಯಿಂದ ಹೊರಗೆ

ಒಂದು ದಿನ ಮಗುವಿಗೆ ನಿಮ್ಮ ಜೊತೆ ಆಡಿ ಬೇಸರ ಬರುತ್ತದೆ. ಆಗ ಬೇರೆಯವರ ಜೊತೆ ಆಡುವ ಲೀಗ್ ಅಥವಾ ಪುಟ್ಟ ಟೂರ್ನಿಗೆ ಕರೆದುಕೊಂಡು ಹೋಗಿ. ಅಧಿಕೃತ ಟೂರ್ನಿಗಳಲ್ಲಿ ಜೂನಿಯರ್, ಸೀನಿಯರ್, ಮಾಸ್ಟರ್ಸ್ ಅಂತ ಹುಟ್ಟಿದ ವರ್ಷದ ಮೇಲೆ ಮೂರು ಗುಂಪು ಇರುತ್ತವೆ. ನೀವು ಮಾಸ್ಟರ್ಸ್. ಹೆಸರು ಕೇಳಿ ಹಿಗ್ಗಬೇಡಿ, ಅದು ವಯಸ್ಸಿಗೆ ಕೊಟ್ಟದ್ದು.

ಅಲ್ಲಿಗೆ ಹೋಗುವ ಮುಂಚೆ ನೋಡಬೇಕಾದದ್ದು ಕಾರ್ಡಿನ ಕೆಳಗಿನ ಎಡ ಮೂಲೆಯ ಪುಟ್ಟ ಇಂಗ್ಲಿಷ್ ಅಕ್ಷರ. ಸ್ಟ್ಯಾಂಡರ್ಡ್ ಅನ್ನುವ ಪದ್ಧತಿಯಲ್ಲಿ ಯಾವ ಕಾರ್ಡ್ ನಡೆಯುತ್ತದೆ ಅನ್ನುವುದನ್ನು ಹೇಳುವುದು ಆ ಅಕ್ಷರ. ಸುಮಾರು ವರ್ಷಕ್ಕೊಮ್ಮೆ ಹಳೆಯ ಅಕ್ಷರ ಹೊರಗೆ ಹೋಗುತ್ತದೆ. 2025ರ ಏಪ್ರಿಲಿನಲ್ಲಿ ಎಫ್ ಹೋಯ್ತು. ನೀವು ಆಡುವ ದಿನ ಯಾವ ಅಕ್ಷರಗಳು ನಡೆಯುತ್ತವೆ ಅಂತ ನಡೆಸುವವರನ್ನೇ ಕೇಳಿ. ಮನೆಯ ಆಟಕ್ಕೆ ಈ ತಲೆನೋವು ಬೇಡ.

ಮೊದಲ ಸಲ ಹೋಗುವಾಗ ಮಗುವಿಗೆ ಎರಡು ವಾಕ್ಯ ಅಭ್ಯಾಸ ಮಾಡಿಸಿ. 'ಆ ಕಾರ್ಡ್ ಒಮ್ಮೆ ಓದಬಹುದಾ?' ಮತ್ತು 'ಜಡ್ಜ್ ಕರೆಯೋಣ'. ಎದುರಿಗಿರುವವರು ದೊಡ್ಡವರಾದರೆ ಮಕ್ಕಳು ಗೊತ್ತಾಗದಿದ್ದರೂ ತಲೆಯಾಡಿಸುತ್ತಾರೆ. ಕೇಳುವುದಕ್ಕೆ ನಾಚಿಕೆ ಬೇಡ ಅಂತ ಮನೆಯಲ್ಲೇ ಅಭ್ಯಾಸ ಆಗಲಿ. ನನ್ನವಳಿಗೆ ಈ ಅಭ್ಯಾಸ ಬೇಕಾಗಲಿಲ್ಲ, ನನ್ನ ಮೇಲೆ ಆಗಲೇ ಸಾಕಷ್ಟು ಆಗಿತ್ತು.

ಚೀಲದಲ್ಲಿ ಡೆಕ್, ಬಿಲ್ಲೆಗಳು, ಒಂದು ನಾಣ್ಯ ಅಥವಾ ದಾಳ, ನಾಲ್ಕೈದು ಹೆಚ್ಚುವರಿ ಸ್ಲೀವ್ ಇರಲಿ. ಬಾಗಿಲು ದಾಟುವ ಮುಂಚೆ ಡೆಕ್ಕಿನ ಕಾರ್ಡ್ ಎಣಿಸಿ. 59 ಬಂದರೆ ಗಾಬರಿಯಾಗಬೇಡಿ, ಮೇಜಿನ ಕೆಳಗೆ ನೋಡಿ. ನಮ್ಮದು ಪ್ರತಿ ಸಲ ಅಲ್ಲೇ ಸಿಗುತ್ತದೆ, ಕಲಸುವಾಗ ಜಾರಿದ ಒಂದು ಬೆಂಕಿ ಎನರ್ಜಿ.